ಚಂದ್ರಂಪಳ್ಳಿಯ ನೀರಿನ ತನಕ

ಚಿಂಚೋಳಿಯ ಅಡವಿಯ ಮಾತು ಬಂದಾಗಲೆಲ್ಲ ಕಲಬುರಗಿಯಲ್ಲಿ ನನಗೆ ಸಿಗುವ ಉತ್ತರ ಒಂದೇ: "ಅಲ್ಲೇನದ ರೀ? ಒಂದು ಡ್ಯಾಮ್, ಒಂದಿಷ್ಟು ಒಣಗಿದ ಗಿಡ." ಹೀಗೆ ಹೇಳುವವರು ಅಲ್ಲಿಗೆ ಹೋಗದವರೇನಲ್ಲ. ಭಾನುವಾರ ಮುಂಜಾನೆ ಗಾಡಿ ಮಾಡಿಕೊಂಡು ಹೋಗಿ, ಚಂದ್ರಂಪಳ್ಳಿಯ ಕಟ್ಟೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡು, ಕಟ್ಟಿಕೊಂಡು ಹೋದ ಊಟ ಮುಗಿಸಿ, ಹೊತ್ತು ಮುಳುಗುವುದರೊಳಗೆ ಹಿಂದಿರುಗಿದವರು. ಅದೇ ಜನ ದಸರೆಯ ರಜೆ ಬಂದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಚಿಕ್ಕಮಗಳೂರಿಗೋ ಕೊಡಗಿಗೋ ಹೋಗುತ್ತಾರೆ. ಬಂದ ಮೇಲೆ ಕಾಡೆಂದರೆ ಅದು ಎನ್ನುತ್ತಾರೆ. ಮಲೆನಾಡಿನ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ 134.88 ಚದರ ಕಿಲೋಮೀಟರಿನ ಒಂದು ಅಭಯಾರಣ್ಯ, 2011ರಲ್ಲಿ ಘೋಷಣೆಯಾಗಿ, ದಕ್ಷಿಣ ಭಾರತದ ಮೊದಲ ಒಣಭೂಮಿ ಅಭಯಾರಣ್ಯವೆಂದು ಹೇಳಿಸಿಕೊಳ್ಳುತ್ತ ನಮ್ಮದೇ ಜಿಲ್ಲೆಯಲ್ಲಿ ಇರುವಾಗ, ಅದನ್ನು ಕಾಡೆಂದು ಒಪ್ಪಿಕೊಳ್ಳಲು ನಮ್ಮ ಮನಸ್ಸು ಯಾಕೆ ಇಷ್ಟು ಹಿಂದೇಟು ಹಾಕುತ್ತದೆ ಎಂಬ ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕೊರೆಯುತ್ತಿದೆ.

ಮಳೆ ಹೆಚ್ಚು ಬೀಳುವ ನಾಡಿನ ಕಾಡನ್ನೇ ಕಾಡಿನ ಅಳತೆಗೋಲಾಗಿ ಇಟ್ಟುಕೊಂಡಿದ್ದೇವೆ ಎಂಬುದು ಇದಕ್ಕೆ ಒಂದು ಕಾರಣವಿರಬಹುದು. ಶಾಲೆಯ ಪಠ್ಯದಲ್ಲಿ, ಕ್ಯಾಲೆಂಡರಿನ ಚಿತ್ರದಲ್ಲಿ, ಸಿನಿಮಾದಲ್ಲಿ ನಾವು ನೋಡುತ್ತ ಬೆಳೆದದ್ದು ವರ್ಷವಿಡೀ ಹಸಿರಾಗಿರುವ ಕಾಡು. ಇನ್ನೊಂದು ಕಾರಣ, ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು, ನಾವು ಆ ಅಡವಿಯಲ್ಲಿ ನಡೆಯುವುದಿಲ್ಲ, ರಾತ್ರಿ ಉಳಿಯುವುದೂ ಇಲ್ಲ. ನೋಡಿ ಬರುತ್ತೇವೆ, ಅಷ್ಟೇ.

ನಡೆದು ಹೋಗುವ ದಾರಿ

ಎಳ್ಳಮವಾಸ್ಯೆಯ ಹಿಂದುಮುಂದಿನ ದಿನಗಳು ಅಲ್ಲಿಗೆ ಹೋಗಲು ಒಳ್ಳೆಯ ಕಾಲ. ಮಳೆಗಾಲದ ನೀರು ಕೆರೆಯಲ್ಲಿ ಇನ್ನೂ ನಿಂತಿರುತ್ತದೆ, ಹಗಲು ಬಿಸಿಲಿಗೆ ಹರಿತವಿರುವುದಿಲ್ಲ, ಬೆಂಕಿಯ ಕಾಲ ಇನ್ನೂ ಶುರುವಾಗಿರುವುದಿಲ್ಲ. ಮೊದಲೇ ಅರಣ್ಯ ಇಲಾಖೆಯ ಅನುಮತಿ ಪಡೆದು ನಾನು, ಅವ್ವ, ಅಕ್ಕ ಮತ್ತು ಅಕ್ಕನ ಇಬ್ಬರು ಮಕ್ಕಳು ಹೊರಟೆವು. ಮಹಾಗಾಂವ ಕ್ರಾಸ್‌ನಲ್ಲಿ ಹೊರಳಿದ ಮೇಲೆ ರಸ್ತೆಯ ಎರಡೂ ಬದಿಗೆ ತೊಗರಿ, ಕಡಲೆ, ಬಿಳಿಜೋಳ. ಚಿಂಚೋಳಿ ದಾಟಿ ಸ್ವಲ್ಪ ದೂರ ಹೋದರೆ ಎರೆಮಣ್ಣು ಮುಗಿದು ನೆಲ ಕೆಂಪಾಗುತ್ತದೆ, ಬಯಲು ಮುಗಿದು ಗುಡ್ಡ ಏಳುತ್ತದೆ. ಆ ಬದಲಾವಣೆ ಎಷ್ಟು ಥಟ್ಟನೆ ಬರುತ್ತದೆಂದರೆ, ಬಯಲಿನಲ್ಲೇ ಹುಟ್ಟಿ ಬೆಳೆದವರಿಗೆ ಬೇರೊಂದು ಜಿಲ್ಲೆಗೆ ಬಂದೆವೇನೋ ಎಂಬ ಅನುಮಾನ ಹುಟ್ಟುತ್ತದೆ.

ನಮ್ಮ ಜೊತೆ ಬಂದವರು ತಾಂಡಾದ ಹಿರಿಯ ವಾಚರ್ ಒಬ್ಬರು. ಮಕ್ಕಳು ಅವರನ್ನು ಮೊದಲ ಹತ್ತು ನಿಮಿಷದಲ್ಲೇ ಕಾಕಾ ಎಂದು ಕರೆಯತೊಡಗಿದರು. ಡಾಂಬರು ರಸ್ತೆ ಬಿಟ್ಟು ಗಾಡಿಜಾಡು ಹಿಡಿದು, ಅದನ್ನೂ ಬಿಟ್ಟು ಕಾಲುದಾರಿ ಹಿಡಿದು, ಗುಡ್ಡದ ಪಕ್ಕೆಯನ್ನು ಬಳಸಿ ಕೆರೆಯ ಹಿನ್ನೀರಿಗೆ ಇಳಿಯುವ ನಡಿಗೆ ಅದು. ಮಂಡಿನೋವಿನ ಅವ್ವ ತನ್ನ ಪಾಡಿಗೆ ತಾನು, ನಡುನಡುವೆ ಕಲ್ಲಿನ ಮೇಲೆ ಕುಳಿತು, ಎರಡು ತಾಸಿನಲ್ಲಿ ಮುಗಿಸಿದಳು. ಕೈ ಊರಿ ಏರುವ ಜಾಗ ಎಲ್ಲಿಯೂ ಇಲ್ಲ. ಜಿಗಣೆಯಿಲ್ಲ, ಜಾರುವ ಬಂಡೆಯಿಲ್ಲ.

ಚಾರಣದ ಬರಹಗಳಲ್ಲಿ ದಾರಿಯ ಬೆಲೆಯನ್ನು ಅದು ಕೊಟ್ಟ ಕಷ್ಟದಿಂದ ಅಳೆಯುವ ರೂಢಿ ಬೆಳೆದುಬಂದಿದೆ: ಎಷ್ಟು ಕಡಿದಾಗಿತ್ತು, ಎಷ್ಟು ದಮ್ಮು ಹತ್ತಿತು, ಯಾರು ಅರ್ಧಕ್ಕೇ ಕುಸಿದರು. ನನಗೆ ಈ ಲೆಕ್ಕ ಸರಿಯೆನಿಸುವುದಿಲ್ಲ. ಕಡಿದಾದ ಏರಿನಲ್ಲಿ ಮನುಷ್ಯನ ಕಣ್ಣು ಮುಂದಿನ ಹೆಜ್ಜೆ ಇಡಬೇಕಾದ ಕಲ್ಲಿನ ಮೇಲೆಯೇ ಇರುತ್ತದೆ. ದಾರಿ ಸುಲಭವಾಗಿದ್ದರೆ ಕಣ್ಣಿಗೆ ಬಿಡುವು ಸಿಗುತ್ತದೆ, ನಿಲ್ಲಬೇಕೆನಿಸಿದಲ್ಲಿ ನಿಲ್ಲಬಹುದು, ಕೇಳಬೇಕೆನಿಸಿದ್ದನ್ನು ಕೇಳಬಹುದು. ಒಣ ಅಡವಿಗೆ ಈ ಬಿಡುವು ಇನ್ನೂ ಹೆಚ್ಚು ಬೇಕು, ಯಾಕೆಂದರೆ ಅಲ್ಲಿ ನೋಡಬೇಕಾದದ್ದು ಬಹುಮಟ್ಟಿಗೆ ಸಣ್ಣದು, ನೆಲಕ್ಕೆ ಹತ್ತಿರದ್ದು.

ಉದಾಹರಣೆಗೆ ತೇಗದ ಎಲೆ. ದಾರಿಯುದ್ದಕ್ಕೂ ಬಿದ್ದಿದ್ದ ದೊಡ್ಡ ದೊಡ್ಡ ಎಲೆಗಳಲ್ಲಿ ಅರ್ಧಕ್ಕರ್ಧ ಬರೀ ನರಗಳು ಉಳಿದ ಜಾಳಿಗೆಯಂತಿದ್ದವು. ಹುಡುಗಿ ಒಂದನ್ನು ಎತ್ತಿ ಸೂರ್ಯನಿಗೆ ಹಿಡಿದಳು. ನಡುನರ, ಅದರಿಂದ ಕವಲೊಡೆದ ನರ, ಮತ್ತೆ ಅದರಿಂದ ಹರಿದ ಕೂದಲೆಳೆಯಂಥವು, ಎಲ್ಲವೂ ಇದ್ದವು, ನಡುವಿನ ಮಾಂಸವಷ್ಟೇ ಇರಲಿಲ್ಲ. ಒಂದು ಸಣ್ಣ ಪತಂಗದ ಹುಳು ಹಸಿರನ್ನಷ್ಟೇ ಮೇದು ನರಗಳನ್ನು ಬಿಟ್ಟುಬಿಡುತ್ತದೆ. ಮಳೆಗಾಲದ ಕೊನೆಯಲ್ಲಿ ತೇಗದ ತೋಪುಗಳು ಸುಟ್ಟಂತೆ ಕಂದಾಗಿ ಕಾಣಲು ಈ ಹುಳುವೇ ಕಾರಣ. ಆದರೂ ಆ ಮರ ಸಾಯುವುದಿಲ್ಲ. ಬೇಸಿಗೆಗೆ ಹೇಗೂ ಉದುರಿಸಬೇಕಾದ ಎಲೆಯನ್ನು ಸ್ವಲ್ಪ ಮುಂಚೆ ಕಳೆದುಕೊಂಡಿರುತ್ತದೆ, ಅಷ್ಟೇ. ಕಾಕಾ ಇನ್ನೊಂದನ್ನು ತೋರಿಸಿದರು. ನೀರಿನ ಹತ್ತಿರ, ಬುಡದಿಂದ ಹೊಸದಾಗಿ ಒಡೆದಿದ್ದ ತೇಗದ ಚಿಗುರೊಂದನ್ನು ದನ ತುಳಿದು ಮುರಿದಿತ್ತು. ಆ ಎಳೆಯೆಲೆಯನ್ನು ಅವರು ಹುಡುಗನ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಉಜ್ಜಿದರು. ಹಸಿರೆಲೆಯಿಂದ ಕುಂಕುಮದಂಥ ಕೆಂಪು ರಸ ಬಂತು. ಹುಡುಗ ಸಂಜೆಯವರೆಗೂ ಆ ಕೈಯನ್ನು ತೊಳೆಯಲಿಲ್ಲ.

ಸ್ವಲ್ಪ ಮುಂದೆ ದಾರಿಯ ಧೂಳಿನಲ್ಲಿ ಹೆಜ್ಜೆಗಳಿದ್ದವು. ನಾಯಿಯದ್ದೆಂದು ನಾವು ದಾಟಿಬಿಡುತ್ತಿದ್ದೆವು. ಕಾಕಾ ಕೂತು, ಕೋಲಿನಿಂದ ಒಂದರ ಸುತ್ತ ಗೆರೆ ಎಳೆದು, "ಮುಂದಿನ ಕಾಲು ನೋಡ್ರಿ, ಹಿಂದಿನ ಕಾಲು ನೋಡ್ರಿ. ಮುಂದಿಂದು ದೊಡ್ಡದದ. ಇದು ಕಿರುಬ" ಎಂದರು. ಕತ್ತೆಕಿರುಬದ ಮೈಭಾರವೆಲ್ಲ ಮುಂದಿನ ಅರ್ಧದಲ್ಲಿರುತ್ತದೆ, ಹಾಗಾಗಿ ಮುಂಗಾಲಿನ ಗುರುತು ದೊಡ್ಡದು. ಅಲ್ಲೇ ಪಕ್ಕದಲ್ಲಿ ಸುಣ್ಣದ ಉಂಡೆಯಂತೆ ಬೆಳ್ಳಗೆ ಒಣಗಿದ್ದ ಅದರ ಹಿಕ್ಕೆ ಬಿದ್ದಿತ್ತು. ಸತ್ತ ದನದ ಎಲುಬನ್ನೂ ಅಗಿದು ಅರಗಿಸಿಕೊಳ್ಳುವ ಪ್ರಾಣಿ ಅದು. ಎಲುಬಿನ ಸುಣ್ಣವೇ ಆ ಬಿಳುಪು. ತೋಳ, ನರಿ, ಕೃಷ್ಣಮೃಗ, ಕೊಂಡಕುರಿ ಇವೆಲ್ಲ ಈ ಅಭಯಾರಣ್ಯದ ಪಟ್ಟಿಯಲ್ಲಿವೆ. ಜಗತ್ತಿನಲ್ಲಿ ನಾಲ್ಕು ಕೊಂಬಿರುವ ಕಾಡುಪ್ರಾಣಿಯೆಂದರೆ ಕೊಂಡಕುರಿ ಒಂದೇ, ಅದೂ ಗಂಡಿಗೆ ಮಾತ್ರ. ಅದು ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ನಮಗೆ ಅದು ಕಾಣಲಿಲ್ಲ. ಹಿಕ್ಕೆ ಹಾಕಲು ಅದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ ಎನ್ನುತ್ತ, ಒತ್ತಾದ ಹುಲ್ಲಿನ ನಡುವೆ ಅಂಥ ಒಂದು ಜಾಗವನ್ನು ಕಾಕಾ ದೂರದಿಂದಲೇ ತೋರಿಸಿದರು. ಹತ್ತಿರ ಹೋಗಲು ಬಿಡಲಿಲ್ಲ, ಅದು ಸರಿಯೂ ಹೌದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಅಡವಿಯ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ಅಭಯಾರಣ್ಯ ಎಂಬ ಫಲಕ ಬರುವುದಕ್ಕಿಂತ ಬಹಳ ಮೊದಲಿನಿಂದಲೂ ಇವೆ. ಅವರ ದನ, ಅವರ ಸೌದೆ, ಅವರ ಹೊಲ, ಇವುಗಳ ಮತ್ತು ಕಾಡುಪ್ರಾಣಿಗಳ ನಡುವಿನ ಜಗ್ಗಾಟ ಒಂದೆರಡು ಮಾತಿನಲ್ಲಿ ಬಗೆಹರಿಯುವಂಥದ್ದಲ್ಲ. ಆದರೆ ಆ ದಿನ ನಮಗೆ ಅಡವಿಯನ್ನು ತೋರಿಸಿದ ಕಣ್ಣು ತಾಂಡಾದ್ದು. ಅಲ್ಲಿಗೆ ಬರುವ ಜನ ಹೆಚ್ಚಿದರೆ ಆ ಕಣ್ಣಿಗೂ ಆ ತಿಳಿವಳಿಕೆಗೂ ಸರಿಯಾದ ಕೂಲಿ ಸಿಗಬೇಕು, ಆ ದುಡ್ಡು ತಾಂಡಾದ ಮನೆಗಳಿಗೆ ನೇರವಾಗಿ ಹೋಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕೆಂಪು ಕಲ್ಲಿನ ಋಣ

ಚಂದ್ರಂಪಳ್ಳಿಯದು ನೀರಾವರಿಗಾಗಿ ಕಟ್ಟಿದ ಜಲಾಶಯ, ತಾನೇ ಹುಟ್ಟಿದ ಸರೋವರವಲ್ಲ. ಅದಕ್ಕೇ ಕೆಲವರು ಅದನ್ನು ಬರೀ ಡ್ಯಾಮ್ ಎಂದು ತಳ್ಳಿಹಾಕುತ್ತಾರೆ. ನಮ್ಮ ಕಡೆಯ ಕೆರೆಗಳಲ್ಲಿ ಮನುಷ್ಯ ಕಟ್ಟದ ಕೆರೆ ಯಾವುದಿದೆ ಎಂದು ಅವರನ್ನು ಕೇಳಬೇಕೆನಿಸುತ್ತದೆ. ಕಟ್ಟೆ ಮನುಷ್ಯನದಾದರೂ ನೀರನ್ನು ಹಿಡಿದು ಬಿಡುವ ಕೆಲಸ ಗುಡ್ಡದ್ದು. ಈ ಗುಡ್ಡಗಳ ನೆತ್ತಿಯ ಮೇಲಿರುವುದು ತೂತು ತೂತಾದ ಕೆಂಪು ಜಂಬಿಟ್ಟಿಗೆ ಕಲ್ಲು. ಅದರಡಿಗೆ ದಖ್ಖನ್ನಿನ ಕರಿಕಲ್ಲು. ಮೇಲಿನ ಕಲ್ಲು ಮಳೆಯನ್ನು ಹೀರಿಕೊಳ್ಳುತ್ತದೆ, ಕೆಳಗಿನ ಕಲ್ಲು ಅದನ್ನು ಇಳಿಯಗೊಡುವುದಿಲ್ಲ. ಎರಡೂ ಕೂಡುವ ಗೆರೆಯಲ್ಲಿ ನೀರು ಒಸರಾಗಿ ಹೊರಬರುತ್ತದೆ. ಬೀದರಿನ ಝರಣಿ ನರಸಿಂಹನ ಗುಹೆಯ ನೀರೂ ಪಾಪನಾಶದ ಒರತೆಯೂ ಇದೇ ಬಗೆಯವು. ಬಹಮನಿ ಸುಲ್ತಾನರ ಕಾಲದಲ್ಲಿ ನೌಬಾದಿನ ನೆಲದಡಿಯಲ್ಲಿ ಕೊರೆದ ಕಾರೇಜ್ ಸುರಂಗ ಇದೇ ಕೆಂಪು ಕಲ್ಲಿನೊಳಗಿನ ನೀರನ್ನು ಊರಿಗೆ ತಂದಿತು. ಚಿಂಚೋಳಿಯ ಗುಡ್ಡದ ಹಳ್ಳಗಳು ಮಳೆ ನಿಂತ ಮೇಲೂ ಕೆಲವು ವಾರ ತೆಳ್ಳಗೆ ಹರಿಯುವುದಕ್ಕೆ, ಎತ್ತಿಪೋತದಲ್ಲಿ ಜಲಪಾತ ಬೀಳುವುದಕ್ಕೆ ಮರಗಳ ಬೇರಿನಷ್ಟೇ ಆ ಕಲ್ಲೂ ಕಾರಣ. ಇಲ್ಲಿಂದ ಇಳಿದ ನೀರು ಕೊನೆಗೆ ಭೀಮೆಯನ್ನು, ಅದರ ಮೂಲಕ ಕೃಷ್ಣೆಯನ್ನು ಸೇರುತ್ತದೆ.

ಹಾಗಾಗಿ ಒಣಗಿದ ಗಿಡವೆಂದು ನಾವು ನೋಡುವುದು ನೀರಿನ ಲೆಕ್ಕ ಬಲ್ಲ ಗಿಡವನ್ನು. ತೇಗ, ಮುತ್ತಲ, ದಿಂಡಿಗ ಇವು ಬೇಸಿಗೆಯಲ್ಲಿ ಎಲೆ ಉದುರಿಸುವುದು ಬತ್ತುತ್ತಿರುವ ನೆಲದಿಂದ ನೀರು ಎಲೆಯ ಮೂಲಕ ಹಾರಿಹೋಗದಿರಲಿ ಎಂದು. ಶಿವರಾತ್ರಿಯ ಹೊತ್ತಿಗೆ ಹೋದರೆ ಅದೇ ಬೋಳು ಮುತ್ತಲದ ಕೊಂಬೆಯ ತುಂಬ ಕಿತ್ತಳೆಗೆಂಪು ಹೂ ಇರುತ್ತದೆ, ಒಂದೂ ಎಲೆ ಇರುವುದಿಲ್ಲ.

ರಾತ್ರಿ

ಡೇರೆ ಹಾಕುವ ಜಾಗವನ್ನು ನಾವೇ ಆರಿಸುವಂತಿರಲಿಲ್ಲ. ಇಲಾಖೆ ಗೊತ್ತುಮಾಡಿದಲ್ಲಿಯೇ ಹಾಕಬೇಕು. ಆ ಜಾಗ ನೀರಿನ ಅಂಚಿಗೆ ಅಂಟಿಕೊಂಡಿರದೆ ಸ್ವಲ್ಪ ಮೇಲಿತ್ತು. ಮೊದಲು ಮಕ್ಕಳಿಗೆ ಬೇಸರವಾಯಿತು. ಆದರೆ ರಾತ್ರಿಯ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನೀರಿನ ಮಗ್ಗುಲಲ್ಲೇ ಕೂಡುತ್ತದೆ, ಪ್ರಾಣಿಗಳು ನೀರಿಗೆ ಬರುವ ದಾರಿಯೂ ಅದೇ. ಎರಡಾಳು ಎತ್ತರ ಮೇಲೆ ಮಲಗಿದರೆ ಮೈಗೆ ಬೆಚ್ಚಗೆ, ಅವುಗಳಿಗೂ ಅಡ್ಡಿಯಿಲ್ಲ. ಕಲಬುರಗಿಯವರಿಗೆ ಬಿಸಿಲು ಗೊತ್ತು, ಚಳಿ ಅಷ್ಟಾಗಿ ಗೊತ್ತಿಲ್ಲ. ಡಿಸೆಂಬರಿನ ರಾತ್ರಿ ಈ ಗುಡ್ಡದಲ್ಲಿ ಹಲ್ಲು ಕಡಿಸುವ ಚಳಿ ಇರುತ್ತದೆ. ಅವ್ವ ಮನೆಯಿಂದ ಎರಡು ಕೌದಿ ಹೊರಿಸಿಕೊಂಡು ಬಂದಿದ್ದಳು. ಅವನ್ನು ಹೊದೆಯದೆ ಕೆಳಗೆ ಹಾಸಿದಳು. ಮೈಯ ಕಾವನ್ನು ಗಾಳಿಗಿಂತ ಬೇಗ ನೆಲ ಎಳೆದುಕೊಳ್ಳುತ್ತದೆ ಎಂಬುದು ಅವಳಿಗೆ ಯಾವ ಕ್ಯಾಂಪಿಂಗ್ ಪುಸ್ತಕದಿಂದಲೂ ಬಂದದ್ದಲ್ಲ.

ಊಟಕ್ಕೆ ಬೆಂಕಿ ಬೇಕಾಗಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಡೇರೆಯೆಂದರೆ ಮುಂದೆ ಬೆಂಕಿ ಉರಿಯಲೇಬೇಕು ಎಂಬ ಚಿತ್ರ ಎಲ್ಲರ ತಲೆಯಲ್ಲಿ ಕೂತಿದೆ, ಮಕ್ಕಳೂ ಕೇಳಿದರು. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಕಾಯ್ದೆಯನ್ನು ಬದಿಗಿಟ್ಟು ಸುಮ್ಮನೆ ಕಾಲಡಿ ನೋಡಿದರೂ ಸಾಕು: ಆಗಲೇ ಹೇಳಿದ ತೇಗದ ಜಾಳಿಗೆ ಎಲೆಗಳು, ಒಣಹುಲ್ಲು, ತರಗು. ಒಂದು ಕಿಡಿ ಹಾರಿದರೆ ಹುಲ್ಲಿನಲ್ಲಿ ಮಲಗಿದ ಮೊಲದಿಂದ ಹಿಡಿದು ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಯವರೆಗೆ ಯಾವುದಕ್ಕೂ ಓಡಲು ಹಾದಿ ಇರುವುದಿಲ್ಲ. ತಿಂಗಳುಗಟ್ಟಲೆ ಕೆಡದ ರೊಟ್ಟಿಯನ್ನು ಮಾಡಿಟ್ಟುಕೊಳ್ಳುವ ನಾಡಿನವರಿಗೆ ಒಂದು ರಾತ್ರಿಯ ಊಟಕ್ಕೆ ಕಾಡಿನಲ್ಲಿ ಒಲೆ ಹೂಡುವ ಅಗತ್ಯವೇ ಇಲ್ಲ.

ಕತ್ತಲಾಗುವವರೆಗೆ ದೂರದ ಕಟ್ಟೆಯ ಕಡೆಯಿಂದ ಸ್ಪೀಕರಿನ ಹಾಡು ಕೇಳುತ್ತಿತ್ತು. ಹಾಡಿನ ಪ್ರತಿ ಶಬ್ದವೂ ಸ್ಪಷ್ಟವಾಗಿತ್ತು. ಸಂಜೆ ನೀರಿನ ಮೇಲಿನ ಗಾಳಿ ತಂಪಾಗಿ ಅದರ ಮೇಲಿನದು ಬೆಚ್ಚಗಿರುವಾಗ, ಮೇಲೆ ಹೋಗಬೇಕಾದ ಸದ್ದು ಬಾಗಿ ಮತ್ತೆ ಕೆಳಗೇ ಬರುತ್ತದೆ. ಬಯಲಿನಲ್ಲಿ ಚದುರಿಹೋಗುವ ದನಿ ನೀರಿನ ಮೇಲೆ ಆಚೆ ದಂಡೆಯವರೆಗೆ ಸಾಗುತ್ತದೆ. ಹಾಡು ಹಾಕಿದವರಿಗೆ ಇದು ಗೊತ್ತಿರಲಾರದು. ಆದರೆ ಕತ್ತಲು ಬೀಳುವ ಆ ಒಂದು ತಾಸೇ ನೀರಿಗೆ ಬರುವ ಪ್ರಾಣಿಗಳ ಹೊತ್ತು ಎಂಬುದು ಗೊತ್ತಾದರೆ ಅವರಲ್ಲಿ ಬಹಳಷ್ಟು ಜನ ತಾವೇ ನಿಲ್ಲಿಸಿಯಾರು ಎಂಬ ಭರವಸೆ ನನಗಿದೆ.

ಗಾಡಿಗಳು ಹೋದ ಮೇಲೆ ಟಿಟ್ಟಿಭ ಒಂದು ಕೂಗಿ ಎಚ್ಚರಿಸಿತು. ಆಮೇಲೆ ನೆಲದಿಂದಲೇ ಎದ್ದಂತೆ, ಗಟ್ಟಿ ನೆಲದ ಮೇಲೆ ಬಿಟ್ಟ ಗೋಲಿ ಪುಟಿಪುಟಿದು ಬೇಗ ಬೇಗ ನಿಂತುಹೋಗುವ ಸದ್ದು. ಅದು ನತ್ತಿಂಗ ಹಕ್ಕಿ ಎಂದರು ಕಾಕಾ. ಬಹಳ ಹೊತ್ತಿನ ಮೇಲೆ ಗುಡ್ಡದಾಚೆ ನರಿಗಳು ಊಳಿಟ್ಟವು. ಮಕ್ಕಳು ಹೆದರಲಿಲ್ಲ, ಯಾಕೆಂದರೆ ಅಜ್ಜಿ ಅಷ್ಟರಲ್ಲಿ ಕಥೆ ಶುರುಮಾಡಿದ್ದಳು. ಅದು ಅವಳದೇ ಕಥೆ, ನಾನು ಅದುವರೆಗೆ ಒಮ್ಮೆಯೂ ಕೇಳದ್ದು. ಮದುವೆಗೆ ಮುಂಚೆ, ತೊಗರಿ ರಾಶಿಯ ದಿನಗಳಲ್ಲಿ, ಮನೆಮಂದಿಯೆಲ್ಲ ಕಣದಲ್ಲೇ ಮಲಗುತ್ತಿದ್ದರಂತೆ. ರಾಶಿಗೆ ಕಾವಲಿರುತ್ತಿದ್ದದ್ದು ಗಂಡಸರು. ಆದರೆ ಮುಂಜಾನೆ ಕೆಲಸಕ್ಕೆ ಎಲ್ಲರನ್ನೂ ಎಬ್ಬಿಸುವ ಹೊಣೆ ಅವಳದು, ಮನೆಯಲ್ಲಿ ಗಡಿಯಾರವಿರಲಿಲ್ಲ. "ಆ ಮೂರು ಚುಕ್ಕಿ ಒಂದೇ ಸಾಲಿನ್ಯಾಗ ಅವ ನೋಡು, ಅವು ನೆತ್ತಿಗೆ ಬಂದ್ವು ಅಂದ್ರ ನಡುರಾತ್ರಿ. ಆ ಕಡಿ ಇಳದ್ವು ಅಂದ್ರ ಏಳೂ ಹೊತ್ತು" ಎಂದು ಮೃಗಶಿರದ ನಡುವಿನ ಮೂರು ನಕ್ಷತ್ರಗಳತ್ತ ಕೈಮಾಡಿದಳು. ಅಮವಾಸ್ಯೆಯ ಆಕಾಶದಲ್ಲಿ ಅವು ಮೂಡಣದಿಂದ ಆಗಲೇ ಏರಿದ್ದವು. ಹುಡುಗ ಮಲಗಲೊಲ್ಲದೆ ಕಾದ. ಹನ್ನೆರಡರ ಸುಮಾರಿಗೆ ಫೋನಿನಲ್ಲಿ ಗಂಟೆ ನೋಡಿ, ತಲೆ ಎತ್ತಿ, ಅಜ್ಜಿಯ ಮಾತು ಸರಿಯೆಂದು ಎಲ್ಲರನ್ನೂ ಎಬ್ಬಿಸಿ ಹೇಳಿದ. ಡಿಸೆಂಬರಿನ ಕೊನೆಯಲ್ಲಿ ಆ ಸಾಲು ನಮ್ಮ ಅಕ್ಷಾಂಶದಲ್ಲಿ ನಡುರಾತ್ರಿಯ ಹೊತ್ತಿಗೇ ಹೆಚ್ಚುಕಡಿಮೆ ನೆತ್ತಿಗೆ ಬರುತ್ತದೆ.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಈ ತಿಳಿವಳಿಕೆ ಅವಳ ಬಾಯಿಂದ ಬಂದಿರಲಿಲ್ಲ, ಯಾಕೆಂದರೆ ಅದು ಬರುವಂಥ ಜಾಗವನ್ನು ನಾವು ಅವಳಿಗೆ ಕೊಟ್ಟಿರಲಿಲ್ಲ. ಬಯಲಲ್ಲಿ ಮಲಗುವುದು ನಮ್ಮವರಿಗೆ ಹೊಸದಲ್ಲ. ಎಳ್ಳಮವಾಸ್ಯೆಯ ದಿನ ಇಡೀ ಕಲಬುರಗಿ, ಬೀದರ, ಯಾದಗಿರಿ ಭಜ್ಜಿ, ಸಜ್ಜೆರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ, ಚರಗ ಚೆಲ್ಲಿ ಭೂಮಿಗೆ ಉಣಿಸಿದ ಮೇಲೆ ತಾನು ಉಣ್ಣುತ್ತದೆ. ಅಡವಿಗೆ ಹೋಗುವಾಗಲೂ ಅದೇ ನಡತೆ ನಮ್ಮಲ್ಲಿ ಇರಲು ಸಾಧ್ಯವಿದೆ.

ಯಾರಿಗಾಗಿ ಸುಲಭ

ಮರುದಿನ ಡೇರೆಯ ಒಳಬದಿ ನಮ್ಮದೇ ಉಸಿರಿನ ಹನಿಗಳಿಂದ ಒದ್ದೆಯಾಗಿತ್ತು. ನೀರಿನಲ್ಲಿ ನಿಂತ ಒಣ ಕೊರಡುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕೂತಿದ್ದವು. ತಂದ ಕಸವನ್ನೆಲ್ಲ ತಿರುಗಿ ಚೀಲಕ್ಕೆ ತುಂಬಿಕೊಂಡು, ದಂಡೆಯಲ್ಲಿ ಸಿಕ್ಕ ಬೇರೆಯವರ ಕುರ್ಕುರೆ ಪಾಕೀಟುಗಳನ್ನೂ ಸೇರಿಸಿಕೊಂಡು ಬಂದ ದಾರಿಯಲ್ಲೇ ಹೊರಟೆವು.

ಅವ್ವನಂಥ ಹೆಂಗಸರು ತೀರ್ಥಕ್ಷೇತ್ರಗಳಿಗೆ ಹೋಗುತ್ತಾರೆ, ಮದುವೆ ಮುಂಜಿಗೆ ಹೋಗುತ್ತಾರೆ. ಅಡವಿಗೆ ಹೋಗುವುದು ಎಂಬುದು ಗಟ್ಟಿ ಕಾಲಿನ ಗಂಡುಹುಡುಗರ ಪಾಲಾಗಿಬಿಟ್ಟಿದೆ. ಕಷ್ಟದ ಚಾರಣಗಳನ್ನೇ ಹೊಗಳುತ್ತ ಹೋದರೆ ಅದು ಹಾಗೆಯೇ ಉಳಿಯುತ್ತದೆ. ಸುಲಭದ ದಾರಿಯೊಂದು ಇದ್ದರೆ ಅಜ್ಜಿಯೂ ಮೊಮ್ಮಗನೂ ಒಟ್ಟಿಗೆ ನಡೆಯುತ್ತಾರೆ, ಮತ್ತು ಒಂದು ಅಡವಿಯನ್ನು ಉಳಿಸಿ ಎಂದು ಮುಂದೊಂದು ದಿನ ಕೇಳುವವರು ಅಲ್ಲಿ ನಡೆದವರೇ. ಅದಕ್ಕೆ ಬೇಕಾದ ಏರ್ಪಾಡು ದೊಡ್ಡದೇನಲ್ಲ: ನಡಿಗೆ ಶುರುವಾಗುವಲ್ಲಿ ಹೆಂಗಸರಿಗೆ ಒಂದು ಸ್ವಚ್ಛ ಶೌಚಾಲಯ, ಕುಡಿಯುವ ನೀರು, ಜೊತೆಗೆ ಬರುವ ವಾಚರ್‌ಗೆ ನಿಗದಿಯಾದ ಸಂಭಾವನೆ, ತಾಂಡಾದ ಮನೆಗಳಿಂದ ರೊಟ್ಟಿ ಪಲ್ಯದ ಬುತ್ತಿ. ದಾರಿಗೆ ಕಾಂಕ್ರೀಟ್ ಹಾಕುವುದು, ಕೆರೆಯ ಸುತ್ತ ದೀಪದ ಕಂಬ ನಿಲ್ಲಿಸುವುದು ಬೇಡವೇ ಬೇಡ.

ಅವ್ವನ ಭಜನಾ ಮಂಡಳಿಯ ಹೆಂಗಸರು ಈಗ ಸಂಕ್ರಾಂತಿ ಮುಗಿದ ಮೇಲೆ ಹೊರಡಲು ತಯಾರಾಗಿದ್ದಾರೆ. ಫೋನು ಮಾಡಿ ಕೇಳಿದಾಗ ಕಾಕಾ, "ಶಿವರಾತ್ರಿಗಿಂತ ಮುಂಚೆ ಬರ್ರಿ, ಆಮೇಲೆ ನಮಗ ಬೆಂಕಿ ಕಾಯೂ ಕೆಲಸ ಇರ್ತದ" ಎಂದಿದ್ದಾರೆ. ಅನುಮತಿಗೆ ಎಲ್ಲರ ಆಧಾರ್ ಪ್ರತಿ ಕೂಡಿಸುತ್ತಿದ್ದೇನೆ. ಒಬ್ಬೊಬ್ಬರಿಗೆ ಎರಡು ಕೌದಿ, ಒಂದು ಬ್ಯಾಟರಿ, ಕಡಕ್ ರೊಟ್ಟಿ, ನೀರಿನ ಬಾಟಲಿ ಎಂದು ಅವ್ವನೇ ಚೀಟಿ ಬರೆದುಕೊಟ್ಟಿದ್ದಾಳೆ. ತಾಳ ಹಾರ್ಮೋನಿಯಂ ಮನೆಯಲ್ಲಿಯೇ ಇರಲಿ ಎಂದು ಕೆಳಗೆ ಸೇರಿಸಿದ್ದಾಳೆ.